ಹೂ ಬಿಡಲಿ ಬಿಡಿ

ಹೋದ ವರ್ಷ ಶ್ರಾವಣದಲ್ಲಿ ನಮ್ಮೂರು ಹಾಸನದ ಮಹಿಳಾ ಸಂಘವೊಂದು ಕೈತೋಟದ ಬಗ್ಗೆ ಒಂದು ಉಪನ್ಯಾಸ ಇಟ್ಟುಕೊಂಡಿತ್ತು. ಮಾತಾಡಲು ಬಂದಾಕೆ ಬೆಂಗಳೂರಿನವರು, ಚಿಕ್ಕ ವಯಸ್ಸು, ಚುರುಕು ಮಾತು. ಮೇಜಿನ ಮೇಲೆ ಬೀಜದ ಪೊಟ್ಟಣಗಳನ್ನು ಇಸ್ಪೀಟೆಲೆಗಳ ಹಾಗೆ ಹರಡಿಕೊಂಡಿದ್ದರು. ಪ್ರತಿಯೊಂದರ ಮೇಲೂ ‘ಹೆರ್ಲೂಮ್’ ಎಂಬ ಮುದ್ರೆ. ಹೆರ್ಲೂಮ್ ಟೊಮೆಟೊ, ಹೆರ್ಲೂಮ್ ಲೆಟ್ಯೂಸ್, ಹೆರ್ಲೂಮ್ ಬ್ರೊಕೊಲಿ. ಹಾಗೆಂದರೆ ಅಜ್ಜಿಯರ ಕಾಲದಿಂದ ಬಂದ ಶುದ್ಧ ತಳಿ ಎಂದು ಆಕೆ ವಿವರಿಸಿದಾಗ ನಾವೆಲ್ಲ, ನಮ್ಮಲ್ಲಿ ಮುಕ್ಕಾಲು ಪಾಲು ಅಜ್ಜಿಯರೇ ಆದ್ದರಿಂದ, ಸಂತೋಷದಿಂದ ತಲೆಯಾಡಿಸಿದೆವು.

ಬ್ರೊಕೊಲಿಯ ಪೊಟ್ಟಣ ಎತ್ತಿ ಹಿಡಿದು ಆಕೆ ಹೇಳಿದರು: ‘ಗಡ್ಡೆ ಬಿಗಿಯಾಗಿದ್ದಾಗಲೇ ಕೊಯ್ದುಬಿಡಿ. ಹಳದಿ ಹೂ ಕಂಡಿತೋ, ಗಿಡ ಕೆಟ್ಟಿತು ಅಂತ ಅರ್ಥ. ತಡಮಾಡದೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ.’

ನಾನು ಎದ್ದು ನಿಂತೆ. ಸಭೆಗಳಲ್ಲಿ ಎದ್ದು ನಿಲ್ಲುವುದು ನನ್ನ ದುರಭ್ಯಾಸ. ‘ಹೂ ಬಿಟ್ಟ ಗಿಡ ಕಿತ್ತರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಬರಬೇಕಮ್ಮ?’ ಎಂದು ಕೇಳಿದೆ.

ಆಕೆ ನಕ್ಕರು. ‘ಬೀಜಕ್ಕೇನು ಆಂಟಿ, ನಮ್ಮಲ್ಲೇ ಸಿಗುತ್ತಲ್ಲ! ಪೊಟ್ಟಣಕ್ಕೆ ನೂರಿಪ್ಪತ್ತು ರೂಪಾಯಿ ಅಷ್ಟೆ.’

ಸಭೆಯೂ ನಕ್ಕಿತು. ನನಗೆ ಸಿಟ್ಟು ಬಂದದ್ದು ಆ ಹುಡುಗಿಯ ಮೇಲಲ್ಲ. ಅವಳದು ವ್ಯಾಪಾರ, ಹೊಟ್ಟೆಪಾಡು. ನಕ್ಕರಲ್ಲ, ನನ್ನ ವಾರಗೆಯ ಹೆಂಗಸರು, ಸೌತೆಬೀಜವನ್ನು ಸಗಣಿಯಲ್ಲಿ ಬೆರೆಸಿ ಗೋಡೆಗೆ ತಟ್ಟುತ್ತಿದ್ದ ಅಮ್ಮಂದಿರ ಮಕ್ಕಳು, ಅವರ ಮೇಲೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರಿಗೆ ಬೈಯಲು ನಾಲಿಗೆ ಸಲೀಸಾಗುತ್ತದೆ.

ನಮ್ಮ ಹಿತ್ತಿಲಲ್ಲಿ, ಬಾವಿಕಟ್ಟೆಯ ಪಕ್ಕ, ಅವರೆಯ ಚಪ್ಪರವೊಂದಿತ್ತು. ನಮ್ಮತ್ತೆಯ ಚಪ್ಪರ. ಆ ಬೀಜ ಅವರ ತವರಿನದು. ಕಾಯಿಯ ಅಂಚಿಗೆ ಸೀರೆಯ ಅಂಚಿನಂತೆ ಸಣ್ಣ ನೇರಳೆ ಗೆರೆ. ಮಾರ್ಗಶಿರದ ಚಳಿ ಬೀಳುವವರೆಗೆ ಒಂದು ಹೂ ಕಾಣದು. ಬಿತ್ತೆಂದರೆ ಎರಡು ತಿಂಗಳು ಬೀದಿಯವರೆಲ್ಲ ತಿನ್ನುವಷ್ಟು. ಅತ್ತೆ ಒಳ್ಳೊಳ್ಳೆಯ ಕಾಯಿಗಳನ್ನು ಗುರುತು ಹಾಕಿ, ಬಳ್ಳಿಯಲ್ಲೇ ಒಣಗಲು ಬಿಟ್ಟು, ಬಿಡಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪಿಟ್ಟು, ಸಣ್ಣ ಮಡಕೆಯೊಂದಕ್ಕೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದರು. ಕೇಳಿದವರಿಗೆ ಒಂದು ಹಿಡಿ. ಕೇಳದವರಿಗೂ ಒಂದು ಹಿಡಿ.

2011ರಲ್ಲಿ ನನಗೆ ಬ್ರೊಕೊಲಿಯ ಹುಚ್ಚು ಹಿಡಿಯಿತು. ಪತ್ರಿಕೆಯ ಆರೋಗ್ಯದ ಪುಟ ತೆರೆದರೆ ಬ್ರೊಕೊಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ತಲಾಲೆ ಎಂಬ ವಿಜ್ಞಾನಿ 1992ರಲ್ಲಿ ಅದರಿಂದ ಸಲ್ಫೊರಾಫೇನ್ ಎಂಬ ಸತ್ವವನ್ನು ಬೇರ್ಪಡಿಸಿ ತೋರಿಸಿದ ಮೇಲೆ, ಆ ತರಕಾರಿಗೆ ಔಷಧಿಯ ಕಳೆ ಬಂದಿತ್ತು. (ಅದಕ್ಕೂ ಎರಡು ವರ್ಷ ಮುಂಚೆ ಅಲ್ಲಿನ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್, ಚಿಕ್ಕಂದಿನಲ್ಲಿ ಅಮ್ಮ ಬಲವಂತ ಮಾಡಿ ತಿನ್ನಿಸಿದ್ದು ಸಾಕು, ನಾನಿನ್ನು ಬ್ರೊಕೊಲಿ ಮುಟ್ಟುವುದಿಲ್ಲ ಎಂದು ಪತ್ರಕರ್ತರ ಮುಂದೆ ಘೋಷಿಸಿದ್ದರಂತೆ. ಬೆಳೆಗಾರರು ಕೋಪಗೊಂಡು ಟನ್ನುಗಟ್ಟಲೆ ಬ್ರೊಕೊಲಿಯನ್ನು ವಾಷಿಂಗ್ಟನ್ನಿಗೆ ಕಳಿಸಿಕೊಟ್ಟರು. ಹಾಗಲಕಾಯಿಯ ವಿಷಯದಲ್ಲಿ ನಮ್ಮ ಯಜಮಾನರ ನಿಲುವೂ ಅದೇ. ಪತ್ರಕರ್ತರು ಬರುವುದಿಲ್ಲ ಅಷ್ಟೆ.) ಹಾಸನದ ಹವೆಯೇನೋ ಆ ಬೆಳೆಗೆ ಹೇಳಿ ಮಾಡಿಸಿದ್ದು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿನ ಊರು, ಕಾರ್ತೀಕದಿಂದ ಪುಷ್ಯದವರೆಗೆ ಒಳ್ಳೆಯ ಚಳಿ. ಬಿಸಿಲು ಬೀಳುವ ಜಾಗ ಹಿತ್ತಿಲಲ್ಲಿ ಒಂದೇ. ಚಪ್ಪರ ಕಿತ್ತೆ.

‘ಒಂದು ವರ್ಷಕ್ಕೆ ಅತ್ತೆ, ಬರುವ ವರ್ಷ ಮತ್ತೆ ಹಾಕೋಣ’ ಎಂದೆ. ಅವರು ಏನೂ ಹೇಳಲಿಲ್ಲ. ಮೊದಲ ಗಡ್ಡೆ ಕೊಯ್ದು ತಂದಾಗ ಮಾತ್ರ ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿ, ‘ಏನಮ್ಮಾ ಇದು, ಹೂಕೋಸಿಗೆ ಹಸಿರು ಬಣ್ಣ ಬಳಿದಿದ್ದಾರಾ?’ ಎಂದರು. ತೆಂಗಿನತುರಿ ಹಾಕಿ ಮಾಡಿದ ಪಲ್ಯವನ್ನು ಎರಡು ಸಲ ಬಡಿಸಿಕೊಂಡರು. ನಾನು ಗೆದ್ದೆ ಎಂದುಕೊಂಡೆ. ಮರುವರ್ಷವೂ ಬ್ರೊಕೊಲಿಯನ್ನೇ ಹಾಕಿದೆ, ಮತ್ತೊಂದು ವರ್ಷವೂ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಅವರ ವರ್ಷಾಬ್ದಿಕವೆಲ್ಲ ಮುಗಿದ ಮೇಲೆ, 2014ರ ಆಷಾಢದಲ್ಲಿ, ಏನೋ ನೆನಪಾಗಿ ಅಟ್ಟದ ಮಡಕೆ ಇಳಿಸಿದೆ. ಬಟ್ಟೆ ಬಿಚ್ಚಿದರೆ ಒಳಗೆಲ್ಲ ಹುಳು ಕೊರೆದ ಪುಡಿ. ಅದರೊಳಗೆ ಕೈಯಾಡಿಸಿ ನೆಟ್ಟಗಿದ್ದ ಮೂವತ್ತೊಂದು ಕಾಳು ಆರಿಸಿದೆ. ಮೂವತ್ತೊಂದನ್ನೂ ಊರಿದೆ. ದಿನಾ ಬೆಳಿಗ್ಗೆ ಹೋಗಿ ಬಗ್ಗಿ ನೋಡಿದೆ. ಒಂದೂ ಮೊಳೆಯಲಿಲ್ಲ.

ಅತ್ತೆ ಕೊಟ್ಟ ಬೀಜ ಯಾರಲ್ಲಾದರೂ ಇದ್ದೀತು ಎಂದು ಬೀದಿಯಲ್ಲಿ ವಿಚಾರಿಸಿದೆ. ಒಬ್ಬರು ಹಿತ್ತಿಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸುತ್ತಿದ್ದರು. ಇನ್ನೊಬ್ಬರು ಸೈಟು ಮಾರಿ ಮೈಸೂರಿಗೆ ಹೋಗಿದ್ದರು. ಮೂರನೆಯವರು, ‘ಅಯ್ಯೋ, ನಿಮ್ಮನೇಲಿ ಇದ್ದೇ ಇರುತ್ತಲ್ಲ ಅಂತ ನಾನು ಇಡಲೇ ಇಲ್ಲ ಕಣ್ರೀ’ ಎಂದರು.

ಇಷ್ಟು ಹೇಳಿದರೆ ಕೆಲವರಿಗೆ ಖುಷಿಯಾಗುತ್ತದೆ, ಗೊತ್ತು. ‘ನೋಡಿ, ಪರದೇಶದ ತರಕಾರಿಗೆ ಮರುಳಾಗಿ ನಮ್ಮದನ್ನು ಕಳೆದುಕೊಂಡಿರಿ. ಬ್ರೊಕೊಲಿ ನಮ್ಮ ಮಣ್ಣಿಗೆ ಸಲ್ಲದು’ ಎನ್ನುತ್ತಾರೆ. ಇವರ ಜೊತೆ ನನಗೆ ಜಗಳವಿದೆ. ಯಾವ ತರಕಾರಿ ಸ್ವಾಮಿ ನಮ್ಮದು? ನೀವು ಸಾರಿಗೆ ಹಾಕುವ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಟೊಮೆಟೊ ಅಲ್ಲಿಯದೇ. ನಮ್ಮ ಜಿಲ್ಲೆಯ ಹೊಲಗಳನ್ನೆಲ್ಲ ತುಂಬಿದ ಆಲೂಗಡ್ಡೆ ಅಲ್ಲಿಯದೇ. ಸೀಮೆಬದನೆಯಂತೂ ತನ್ನ ಹೆಸರಿನಲ್ಲೇ ಊರನ್ನು ಹೇಳಿಕೊಂಡು ಬಂದಿದೆ. ನಮ್ಮ ಮನೆಯಲ್ಲಿ ತಿಥಿಯ ದಿನ ಕೋಸು, ಟೊಮೆಟೊ, ಆಲೂಗಡ್ಡೆ ಯಾವುದೂ ಒಳಗೆ ಬರುವಂತಿಲ್ಲ. ಉಳಿದ ಮುನ್ನೂರ ಅರವತ್ತು ಚಿಲ್ಲರೆ ದಿನ ಅವಿಲ್ಲದೆ ಅಡಿಗೆಯಿಲ್ಲ. ಪಿತೃಗಳಿಗೆ ಮಾತ್ರ ಬಾಳೆಕಾಯಿ. ಅತ್ತೆಯ ಅವರೆಯನ್ನು ಕೊಂದದ್ದು ಬ್ರೊಕೊಲಿ ಅಲ್ಲ. ಅದು ಪಾಪ, ಪಕ್ಕದ ಮಡಿಯಲ್ಲಿ ಹೊಂದಿಕೊಂಡು ಇರುತ್ತಿತ್ತು. ಬೀಜವೆಂದರೆ ಅಂಗಡಿಯಲ್ಲಿ ಕೊಳ್ಳುವ ಸಾಮಾನು ಎಂಬ ಅಭ್ಯಾಸ ನನ್ನ ಕೈಗೆ ಅಂಟಿತಲ್ಲ, ಅದು ಕೊಂದಿತು.

ಬ್ರೊಕೊಲಿಯ ಸ್ವಂತ ಕತೆಯೇ ಈ ಮಾತಿಗೆ ಸಾಕ್ಷಿ. ಅದು ಇಟಲಿಯ ಕೂಸು. ಹೆಸರೂ ಅಲ್ಲಿಯದೇ: ಕೋಸಿನ ಗಿಡದ ಹೂವಿನ ಕುಡಿಗೆ ಅವರ ಭಾಷೆಯಲ್ಲಿ ಬ್ರೊಕೊಲೊ. ದಕ್ಷಿಣದ ಕಲಾಬ್ರಿಯ ಸೀಮೆಯದು ಕಲಾಬ್ರೇಸೆ ಎಂಬ ತಳಿ. ಅಮೆರಿಕದ ಥಾಮಸ್ ಜೆಫರ್ಸನ್ ತನ್ನ ತೋಟದ ದಿನಚರಿಯಲ್ಲಿ 1767ರಷ್ಟು ಹಿಂದೆಯೇ ಬ್ರೊಕೊಲಿ ಬಿತ್ತಿದ್ದನ್ನು ಬರೆದಿಟ್ಟಿದ್ದಾನೆ. ಅವನ ತೋಟದಲ್ಲಿ ಅಗೆದವರು, ನೀರು ಹಾಕಿದವರು ಗುಲಾಮರು, ದಿನಚರಿ ಅವನದು. ಆದರೂ ಆ ದೇಶದ ಸಂತೆಯಲ್ಲಿ ಅದು ಕಾಣಿಸಿಕೊಳ್ಳಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಮೆಸ್ಸಿನಾದಿಂದ ವಲಸೆ ಹೋದ ದಾರಿಗೋ ಸಹೋದರರು 1920ರ ದಶಕದಲ್ಲಿ ಇಟಲಿಯಿಂದ ಬೀಜ ತರಿಸಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದು, ಬಾಸ್ಟನ್ನಿನ ಇಟಾಲಿಯನ್ ಕೇರಿಗೆ ರೈಲಿನಲ್ಲಿ ಕಳಿಸಿದರು. ಊರು ಬಿಟ್ಟು ಹೋದವರ ನಾಲಿಗೆಗೆ ಊರಿನ ರುಚಿ ಬೇಕಿತ್ತು. ನಮ್ಮವರು ಮಗಳ ಬಾಣಂತನಕ್ಕೆಂದು ವಿಮಾನ ಹತ್ತುವಾಗ ಮೆಂತ್ಯ, ಹರಿವೆ ಬೀಜವನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಹೋಗುವುದಿಲ್ಲವೇ, ಹಾಗೆಯೇ.

ಈಗ ಅಂಗಡಿಯ ಬ್ರೊಕೊಲಿ ಆ ಬ್ರೊಕೊಲಿಯಲ್ಲ. ಬಹುಪಾಲು ಸಂಕರ ತಳಿ, ಎಫ್-1 ಎನ್ನುವುದು. ಹೊಲದಲ್ಲಿ ಸಾವಿರ ಗಿಡವಿದ್ದರೆ ಹೆಚ್ಚುಕಮ್ಮಿ ಒಂದೇ ವಾರದಲ್ಲಿ ಒಂದೇ ಗಾತ್ರದ ಗಡ್ಡೆ ಕಟ್ಟಬೇಕು, ಲಾರಿಗೆ ತುಂಬಬೇಕು. ರೈತನಿಗೆ ಅದು ಅನುಕೂಲವೇ; ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವವರನ್ನು ನಾನು ದೂರುವುದಿಲ್ಲ. ಆದರೆ ನನ್ನ ಮನೆಯಲ್ಲಿ ನಾಲ್ಕು ಜನ. ನನಗೆ ಒಂದೇ ವಾರದಲ್ಲಿ ಹನ್ನೆರಡು ಗಡ್ಡೆ ಬಂದು ಏನಾಗಬೇಕು? ಮೂರು ವರ್ಷವೂ ಹಾಗೇ ಆಯಿತು: ಒಂದು ವಾರ ಊರಿಗೆಲ್ಲ ಹಂಚಿ, ಮಿಕ್ಕದ್ದು ಫ್ರಿಜ್ಜಿನಲ್ಲಿ ಹಳದಿಯಾಗಿ, ಮುಂದಿನ ವಾರದಿಂದ ಮತ್ತೆ ಮಾರುಕಟ್ಟೆಗೆ ಚೀಲ ಹಿಡಿದು ಹೋಗುವುದು.

ಅಂಥ ಒಂದು ಗಿಡವನ್ನು ಬೀಜಕ್ಕೆಂದು ಬಿಟ್ಟೂ ನೋಡಿದೆ. ನಾವು ಗಡ್ಡೆ ಎನ್ನುವುದು ಸಾವಿರಾರು ಮೊಗ್ಗುಗಳ ಒತ್ತೊತ್ತಾದ ಗೊಂಚಲು. ಬಿಟ್ಟರೆ ಅದು ಸಡಿಲವಾಗಿ, ಎತ್ತರ ಬೆಳೆದು, ಸಾಸಿವೆಯ ಹಾಗೆ ಹಳದಿ ಹೂ ತುಂಬಿಕೊಳ್ಳುತ್ತದೆ. ಹೂವೇನೋ ಬಂತು. ಕಾಯಿ ಜೊಳ್ಳು. ಕೃಷಿ ಓದುತ್ತಿದ್ದ ನಮ್ಮಣ್ಣನ ಮಗ ರಜಕ್ಕೆ ಬಂದವನು ಹೂ ಬಿಡಿಸಿ, ಕೇಸರವನ್ನು ಉಗುರಿಗೆ ತಿಕ್ಕಿ ತೋರಿಸಿದ. ಪರಾಗವೇ ಇಲ್ಲ! 1968ರಲ್ಲಿ ಜಪಾನಿನಲ್ಲಿ ಒಗುರಾ ಎಂಬುವರು ಮೂಲಂಗಿಯಲ್ಲಿ ಪರಾಗವಿಲ್ಲದ ಗಿಡ ಕಂಡರಂತೆ. ಆಮೇಲಿನ ವಿಜ್ಞಾನಿಗಳು ಆ ಗುಣವನ್ನು ಕೋಸಿನ ಜಾತಿಗೂ ತಂದರು. ಸಂಕರ ಬೀಜ ತಯಾರಿಸುವವರಿಗೆ ಅದರಿಂದ ಕೆಲಸ ಸುಲಭ. ‘ಇಂಥ ಹೈಬ್ರಿಡ್ ಈಗ ಬೇಕಾದಷ್ಟಿವೆ ಅತ್ತೆ. ಒಂದು ವೇಳೆ ಬೇರೆ ಗಿಡದ ಪರಾಗ ಸಿಕ್ಕಿ ಬೀಜ ಕಟ್ಟಿದರೂ ತಾಯಿಯ ಹಾಗೆ ಮಗಳು ಬರಲ್ಲ’ ಎಂದ ಅವನು. ಅರಳಿ ನಿಂತ ಆ ಹಳದಿ ಗಿಡದ ಮೇಲೆ ಜೇನು ಬಂದು ಕೂತು ಕೂತು ಎದ್ದು ಹೋಗುತ್ತಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಅದಕ್ಕೆ ವೈಜ್ಞಾನಿಕ ಕಾರಣ ಕೇಳಬೇಡಿ.

ಆಮೇಲೆ, 2019ರಲ್ಲಿ, ಮಗಳು ಡೆ ಚಿಕ್ಕೊ ಎಂಬ ಹಳೆಯ ಇಟಾಲಿಯನ್ ತಳಿಯ ಪೊಟ್ಟಣ ತರಿಸಿಕೊಟ್ಟಳು. 1890ರ ಸುಮಾರಿನಿಂದ ಬಿತ್ತನೆಯಲ್ಲಿರುವ ತಳಿಯಂತೆ. ಅದರ ಗುಣಗಾನ ಮಾಡದೆ ನನಗೆ ತಡೆಯದು. ನಡುವಿನ ಗಡ್ಡೆ ಚಿಕ್ಕದು, ಮುಷ್ಟಿ ಗಾತ್ರ; ತೋರಿಸಿದರೆ ಪಕ್ಕದ ಮನೆಯವರು ಅಯ್ಯೋ ಎನ್ನುತ್ತಾರೆ. ಆದರೆ ಅದನ್ನು ಕೊಯ್ದ ಮೇಲೆ ನೋಡಬೇಕು. ಎಲೆಯ ಕಂಕುಳು ಕಂಕುಳಲ್ಲಿ ಎಳೆಕುಡಿಗಳು ಒಡೆಯುತ್ತವೆ. ಇವತ್ತೊಂದು ಹಿಡಿ, ನಾಡಿದ್ದೊಂದು ಹಿಡಿ, ಹೀಗೇ ಆರೆಂಟು ವಾರ. ಒಂದು ಗಿಡ ಮೊದಲು ಬರುತ್ತದೆ, ಇನ್ನೊಂದು ಹದಿನೈದು ದಿನ ತಡ. ಅಂಗಡಿಯವರು ಇದನ್ನು ದೋಷವೆನ್ನುತ್ತಾರೆ. ದಿನಾ ಅಡಿಗೆ ಮಾಡುವವಳಿಗೆ ಇದಕ್ಕಿಂತ ದೊಡ್ಡ ಉಪಕಾರ ಉಂಟೇ? ಎಲೆಯೂ ಮೆತ್ತಗೆ, ಮಸ್ಸೊಪ್ಪಿಗೆ ಆಗುತ್ತದೆ. ದಂಟಿನ ಸಿಪ್ಪೆ ಹೆರೆದು ಹುಳಿಗೆ ಹಾಕಿದರೆ ನವಿಲುಕೋಸೇ ಅಂದುಕೊಂಡು ತಿನ್ನುತ್ತಾರೆ. ನಾನು ಗೌರಿಹಬ್ಬದ ಆಸುಪಾಸಿನಲ್ಲಿ ಪಾತಿಯಲ್ಲಿ ಬೀಜ ಹಾಕುತ್ತೇನೆ. ತಿಂಗಳಾದ ಮೇಲೆ ಒಂದೂವರೆ ಅಡಿಗೊಂದರಂತೆ ಸಸಿ ನೆಡುವುದು. ಸುತ್ತ ಒಂದು ಸಾಲು ಸಾಸಿವೆ ಚೆಲ್ಲುತ್ತೇನೆ. ಕೋಸಿನ ಎಲೆ ಕೊರೆಯುವ ಹಸಿರು ಹುಳುವಿನ ಪತಂಗ ಸಾಸಿವೆಗೇ ಮೊದಲು ಹೋಗಿ ಮೊಟ್ಟೆಯಿಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಲೆಕೋಸು ಬೆಳೆಯುವವರಿಗೆ ಹೇಳಿಕೊಟ್ಟ ಉಪಾಯ ಇದು. ಹೇನಿಗೆ ಒಲೆಬೂದಿ. ಒಲೆ ಇಲ್ಲದವರು ನೀರನ್ನು ರಭಸವಾಗಿ ಹೊಡೆಯಿರಿ, ಉದುರುತ್ತದೆ.

ಆ ವರ್ಷ ಮೂರು ಗಿಡ ಉಳಿದವು. ಎರಡನ್ನು ತಿಂದು, ಚೆನ್ನಾಗಿದ್ದ ಒಂದನ್ನು ಬೀಜಕ್ಕೆ ಬಿಟ್ಟೆ. ಈ ಸಲ ಪರಾಗವೂ ಇತ್ತು, ತುಡುವೆ ಜೇನಿನ ಸಂತೆಯೇ ನೆರೆದಿತ್ತು. ಆದರೂ ನೂರಾರು ಕಾಯಿಯಲ್ಲಿ ಸಿಕ್ಕಿದ್ದು ಹತ್ತೋ ಹನ್ನೆರಡೋ ಕಾಳು. ಅಣ್ಣನ ಮಗನಿಗೆ ಫೋನು ಮಾಡಿದೆ. ಅವನು ನಕ್ಕ. ‘ಅದು ತನ್ನ ಪರಾಗವನ್ನು ತಾನೇ ಒಪ್ಪಿಕೊಳ್ಳಲ್ಲ ಅತ್ತೆ. ಬೇರೆ ಗಿಡದ್ದೇ ಬೇಕು. ಕಾಯಿ ಕಟ್ಟೋಕೆ ಕನಿಷ್ಠ ಐದಾರು ಗಿಡ ಒಟ್ಟಿಗೆ ಹೂ ಬಿಡಬೇಕು. ತಳಿ ಕೆಡದೆ ಉಳೀಬೇಕು ಅಂದ್ರೆ ಹತ್ತಿಪ್ಪತ್ತು.’

ಅವರೆ ಹಾಗಲ್ಲ. ಅದು ಬಹುಮಟ್ಟಿಗೆ ತನ್ನ ಹೂವಿನೊಳಗೇ ಕೆಲಸ ಮುಗಿಸಿಕೊಳ್ಳುವ ಜಾತಿ. ಒಂದು ಬಳ್ಳಿಯಿದ್ದರೂ ಬೀಜ ಉಳಿಯುತ್ತದೆ. ಅಷ್ಟು ಸುಲಭದ್ದನ್ನೇ ನಾನು ಉಳಿಸಲಿಲ್ಲ. ಇನ್ನು ಇಪ್ಪತ್ತು ಗಿಡ ಕೇಳುವ ಇದನ್ನು, ಆರು ಅಡಿ ಮಡಿಯಲ್ಲಿ, ತಿನ್ನದೆ, ನಾಲ್ಕು ತಿಂಗಳು ಕಾಯಲು ಯಾವ ಮನೆಯವಳಿಗೆ ಸಾಧ್ಯ?

ಇಲ್ಲಿಗೆ ಬಂದೆ ನೋಡಿ, ನನ್ನ ಜಗಳದ ಮೂಲಕ್ಕೆ. ಪೊಟ್ಟಣದ ಮೇಲೆ ಹೆರ್ಲೂಮ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಯಾವುದೂ ಪಾರಂಪರಿಕವಾಗುವುದಿಲ್ಲ. ನಿಘಂಟು ತೆಗೆದು ನೋಡಿದೆ. ಆ ಪದಕ್ಕೆ ವಾರಸಿನಿಂದ ಬಂದ ಸಾಮಾನು ಎಂದರ್ಥ. ಇಂಗ್ಲಿಷಿನಲ್ಲಿ ‘ಲೂಮ್’ ಎಂದರೆ ಹಿಂದೆ ಮಗ್ಗವಷ್ಟೇ ಅಲ್ಲ, ಕೆಲಸದ ಯಾವ ಸಲಕರಣೆಯೂ ಆಗಿತ್ತಂತೆ. ನಮ್ಮ ಕಡೆ ನಾಟಿ ಎನ್ನುತ್ತಾರೆ, ಧಾರವಾಡದ ಕಡೆ ಜವಾರಿ. ವಾರಸಿನಿಂದ ಬರಬೇಕಾದರೆ ಕೊಡುವವರೊಬ್ಬರು ಇರಬೇಕಲ್ಲ? ಪ್ರತಿವರ್ಷ ನೂರಿಪ್ಪತ್ತು ರೂಪಾಯಿ ಕೊಟ್ಟು ಪೊಟ್ಟಣ ತಂದು, ಹೂ ಬಂದ ಕೂಡಲೇ ಕಿತ್ತೆಸೆದು, ‘ನಮ್ಮದು ಹೆರ್ಲೂಮ್ ತೋಟ’ ಎಂದು ಫೋಟೋ ಹಂಚುವವರು, ಅಂಗಡಿಯ ಹಪ್ಪಳ ಕರಿದು ಇದು ಅಜ್ಜಿಯ ಕೈರುಚಿ ಎಂದ ಹಾಗೆ. ಮಾತು ಒರಟಾಯಿತು, ಇರಲಿ.

ನಮ್ಮ ಮನೆಗಳಲ್ಲಿ ವಾರಸು ಎಂದರೆ ಏನಿತ್ತು? ಜಮೀನಿನ ಪಹಣಿ ಗಂಡಸರ ಹೆಸರಿಗೆ. ಮನೆಯ ಪತ್ರ ಗಂಡಸರ ಹೆಸರಿಗೆ. ಹೆಂಗಸಿನಿಂದ ಹೆಂಗಸಿಗೆ ಹೋಗುತ್ತಿದ್ದದ್ದು ಒಂದಿಷ್ಟು ಪಾತ್ರೆ, ಎರಡೆಳೆ ಸರ, ಮತ್ತು ಬೀಜದ ಮಡಕೆ. ಮಡಕೆಗೆ ಕಾಗದಪತ್ರ ಇರಲಿಲ್ಲವಾದ್ದರಿಂದ ಅದನ್ನು ಯಾರೂ ಆಸ್ತಿ ಎನ್ನಲಿಲ್ಲ. ನಾವೂ ಅನ್ನಲಿಲ್ಲ, ತಪ್ಪು ಅಲ್ಲೇ ಆಯಿತು. ಓದಿದ ಸೊಸೆಯರಿಗೆ ಅದು ಮುದುಕಿಯರ ಮಡಿಗಂಟಿನ ಹಾಗೆ ಕಂಡಿತು. ನಾನೂ ಬಿ.ಎ. ಓದಿದವಳೇ.

ನಾವು ಆಸ್ತಿಯೆನ್ನದ್ದನ್ನು ಬೇರೆಯವರು ಆಸ್ತಿಯೆಂದು ಬಲ್ಲರು. ಬ್ರೊಕೊಲಿಗಾಗಿ ಯುರೋಪಿನಲ್ಲಿ ನಡೆದ ವ್ಯಾಜ್ಯ ಕೇಳಿದ್ದೀರಾ? ಸಿಸಿಲಿಯ ಕಾಡು ಕೋಸಿನ ಜೊತೆ ತಳಿ ಬೆರೆಸಿ, ಆರೋಗ್ಯದ ಸತ್ವ ಹೆಚ್ಚಿರುವ ಬ್ರೊಕೊಲಿ ಪಡೆಯುವ ಕ್ರಮಕ್ಕೆ 2002ರಲ್ಲಿ ಅಲ್ಲಿನ ಪೇಟೆಂಟ್ ಕಚೇರಿ ಹಕ್ಕು ಕೊಟ್ಟಿತು. ಬೇರೆ ಬೀಜ ಕಂಪನಿಗಳು ತಕರಾರು ತೆಗೆದವು. ತಳಿ ಬೆರೆಸುವ ಕ್ರಮಕ್ಕೆ ಪೇಟೆಂಟ್ ಇಲ್ಲದಿದ್ದರೂ ಅದರಿಂದ ಹುಟ್ಟಿದ ಗಿಡಕ್ಕೆ ಇರಬಹುದು ಎಂದು 2015ರ ಮಾರ್ಚಿಯಲ್ಲಿ ಅದೇ ಕಚೇರಿಯ ಮೇಲಿನ ಪೀಠ ಹೇಳಿತು. ಗದ್ದಲವೆದ್ದು, 2017ರಲ್ಲಿ ನಿಯಮ ತಿದ್ದಿ, ಕೊನೆಗೆ 2020ರ ಮೇ ತಿಂಗಳಲ್ಲಿ ಪೀಠ ತನ್ನ ಮಾತನ್ನು ತಿರುಗಿಸಿ ಅಂಥ ಗಿಡಕ್ಕೂ ಪೇಟೆಂಟ್ ಸಲ್ಲದೆಂದಿತು; ಅದೂ 2017ರ ಜುಲೈಗೆ ಮುಂಚಿನವುಗಳಿಗೆ ಅನ್ವಯಿಸದಂತೆ. ಇಷ್ಟು ವರ್ಷ, ಇಷ್ಟು ವಕೀಲರು, ಒಂದು ತರಕಾರಿಗೆ! ಆ ಸಿಸಿಲಿಯ ಗುಡ್ಡದ ಗಿಡವನ್ನು ಯಾರೂ ಸೃಷ್ಟಿಸಿರಲಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಎಷ್ಟೋ ವಾಸಿ. ಗಿಡಕ್ಕೂ ಬೀಜಕ್ಕೂ ಇಲ್ಲಿ ಪೇಟೆಂಟ್ ಇಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೆಳೆದವರು ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು, ಬ್ರಾಂಡಿನ ಚೀಟಿ ಅಂಟಿಸಿ ಮಾತ್ರ ಮಾರಬಾರದು ಎನ್ನುತ್ತದೆ. ನಮ್ಮ ಕೈಯನ್ನು ಯಾರೂ ಕಟ್ಟಿಲ್ಲ. ಕೈ ಎತ್ತುವವರಿಲ್ಲ ಅಷ್ಟೆ.

ಪೇಟೆಯ ಕೈತೋಟದವರ ಮೇಲೆ ನನ್ನ ದೂರು ಇದು: ನಾವು ತೋಟವನ್ನು ದೇವರಕೋಣೆಯ ಹಾಗೆ ಖಾಸಗಿ ಮಾಡಿಕೊಂಡಿದ್ದೇವೆ. ನನ್ನ ತಾರಸಿ, ನನ್ನ ಕುಂಡ, ನನ್ನ ಪೊಟ್ಟಣ. ಗಡ್ಡೆ ಬಂದರೆ ಪಕ್ಕದವರಿಗೆ ಒಂದು ಕೊಡುತ್ತೇವೆ, ಔದಾರ್ಯಕ್ಕೆ ಕಡಿಮೆಯಿಲ್ಲ, ಸಸಿ ಕೊಡುವುದಿಲ್ಲ. ಅತ್ತೆಯ ಕಾಲದಲ್ಲಿ ಕಾಂಪೌಂಡು ಇರಲಿಲ್ಲ, ಕಳ್ಳಿಬೇಲಿ ಇತ್ತು, ಅದರಲ್ಲೊಂದು ಕಂಡಿ ಇತ್ತು. ಮೊಸರಿನ ಹೆಪ್ಪು, ಕರಿಬೇವು, ಬೀಜ, ಚಾಡಿ ಎಲ್ಲವೂ ಆ ಕಂಡಿಯಲ್ಲೇ ಓಡಾಡುತ್ತಿದ್ದವು. ಒಂದು ಮನೆಯಲ್ಲಿ ಬೀಜ ಹುಳು ಹಿಡಿದರೆ ಇನ್ನೊಂದು ಮನೆಯಲ್ಲಿ ಇರುತ್ತಿತ್ತು. ಮೂರನೆಯವರು ‘ನಿಮ್ಮನೇಲಿ ಇದ್ದೇ ಇರುತ್ತಲ್ಲ’ ಎಂದದ್ದು ಸೋಮಾರಿತನದ ಮಾತಲ್ಲ, ಆ ಕಂಡಿಯ ಮೇಲಿನ ನಂಬಿಕೆ. ನಂಬಿಕೆಗೆ ತಪ್ಪಿದವಳು ನಾನು.

2021ರಲ್ಲಿ ಉಳಿದಿದ್ದ ಬೀಜವನ್ನೆಲ್ಲ ಪಾತಿಗೆ ಹಾಕಿ ಇಪ್ಪತ್ತೆರಡು ಸಸಿ ಮಾಡಿದೆ. ನನ್ನ ಮಡಿಗೆ ನಾಲ್ಕು. ಉಳಿದ ಹದಿನೆಂಟನ್ನು ಬುಟ್ಟಿಯಲ್ಲಿಟ್ಟುಕೊಂಡು ಬೀದಿಯ ಆರು ಮನೆಗೆ ಹೋದೆ, ಮನೆಗೆ ಮೂರು. ಷರತ್ತು ಒಂದೇ: ಎರಡು ತಿನ್ನಿ, ಒಂದನ್ನು ಹೂವಿಗೆ ಬಿಡಿ. ಗೇಟು ತೆಗೆಯದೆ ಮಾತಾಡಿಸಿದವರಿದ್ದಾರೆ. ‘ಏನ್ರೀ, ಚುನಾವಣೆಗೆ ನಿಂತಿದ್ದೀರಾ?’ ಎಂದವರಿದ್ದಾರೆ. ಒಬ್ಬರ ಮನೆಯಲ್ಲಿ ಹಸು ತಿಂದಿತು. ಒಬ್ಬರು ಮೂರನ್ನೂ ಗೋಬಿ ಮಂಚೂರಿಯಂಥದೇನೋ ಮಾಡಿ ಮುಗಿಸಿದರು. ಪುಷ್ಯದ ಹೊತ್ತಿಗೆ ನನ್ನ ನಾಲ್ಕೂ ಸೇರಿ ಎಂಟು ಗಿಡ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹಳದಿಯಾಗಿ ನಿಂತಿದ್ದವು. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲ ಒಂದೇ ಜಾತಿ, ಒಂದರ ಪರಾಗ ಇನ್ನೊಂದಕ್ಕೆ ಹತ್ತಿ ತಳಿ ಬೆರೆಯುತ್ತದೆ. ಆದರೆ ನಮ್ಮ ಬೀದಿಯಲ್ಲಿ ಯಾವ ಕೋಸನ್ನೂ ಹೂ ಬಿಡುವವರೆಗೆ ಯಾರೂ ಉಳಿಸಿರಲಿಲ್ಲವಾದ್ದರಿಂದ ಆ ಭಯವಿರಲಿಲ್ಲ. ಜೇನಿಗೆ ಕಾಂಪೌಂಡಿನ ಲೆಕ್ಕವಿಲ್ಲ. ಶಿವರಾತ್ರಿ ಕಳೆದು ಕಾಯಿ ಒಣಗಿ ಒಡಕಲು ಬಣ್ಣಕ್ಕೆ ತಿರುಗಿದಾಗ, ಮೂರು ಮನೆಯವರು ದಂಟು ಕಡಿದು ತಂದು ನಮ್ಮ ಜಗಲಿಯ ಮೇಲೆ ಹಳೆಯ ಸೀರೆ ಹಾಸಿ ಬಡಿದೆವು. ಒಂದು ಕಾಫಿ ಲೋಟದ ಅರ್ಧಕ್ಕೆ ಬಂತು. ಸಾಸಿವೆಗಿಂತ ಒಂದಿಷ್ಟು ದಪ್ಪ, ಕಂದು ಕಾಳು. ತಣ್ಣಗಿನ ಒಣ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಮೊಳೆಯುತ್ತದೆ. ಈ ಸಲ ಒಂದೇ ಮಡಕೆಯಲ್ಲಿ ಇಡಲಿಲ್ಲ, ನಾಲ್ಕು ಮನೆಯ ನಾಲ್ಕು ಹಾರ್ಲಿಕ್ಸ್ ಬಾಟಲಿಗೆ ಹೋಯಿತು. ಅಲ್ಲಿಂದೀಚೆಗೆ ಅಂಗಡಿಯ ಬ್ರೊಕೊಲಿ ಬೀಜ ನಮ್ಮ ಬೀದಿಗೆ ಬಂದಿಲ್ಲ.

ಅತ್ತೆಯ ಅವರೆ? ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ನಾದಿನಿಯ ಮನೆಯಿದೆ. ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ಹೋದಾಗ ಅವರ ಹಿತ್ತಿಲ ಬೇಲಿಯ ಮೇಲೆ ಒಂದು ಅವರೆ ಹಬ್ಬಿತ್ತು. ಯಾರು ಹಾಕಿದ್ದೆಂದು ಅವಳಿಗೆ ನೆನಪಿಲ್ಲ, ‘ಅದು ಅಲ್ಲಿ ಯಾವಾಗಲೂ ಇದೆ ಕಣತ್ತಿಗೆ’ ಎಂದಳು. ಅಂಚಿನ ಗೆರೆ ಇದೆ, ಆದರೆ ನನ್ನ ನೆನಪಿನಲ್ಲಿರುವುದಕ್ಕಿಂತ ಮಾಸಲು. ರುಚಿ ನೋಡಿದೆ, ಹೇಳಲಾಗಲಿಲ್ಲ. ಒಂದು ಹಿಡಿ ತಂದು ಬಾವಿಕಟ್ಟೆಯ ಪಕ್ಕ ಹಾಕಿದ್ದೇನೆ, ಬ್ರೊಕೊಲಿ ಮಡಿಯ ಪಕ್ಕದಲ್ಲೇ. ಚಪ್ಪರಕ್ಕೆ ಗಳು ಹುಗಿಯುವಾಗ ಎರಡು ಸಸಿ ತೆಗೆಯಬೇಕಾಯಿತು. ಮೊನ್ನೆ ಆ ಉಪನ್ಯಾಸದಲ್ಲಿ ನಕ್ಕವರಲ್ಲೊಬ್ಬರು ಗೇಟಿನ ಹತ್ತಿರ ನಿಂತು, ‘ನೀವು ಅವತ್ತು ಏನೋ ಹೇಳಿದಿರಲ್ಲ, ಆ ಸಸಿ ಇದ್ದರೆ ಒಂದು ಕೊಡ್ತೀರಾ?’ ಎಂದರು. ‘ಒಂದು ಕೊಡಲ್ಲ, ಮೂರು ಕೊಡ್ತೀನಿ’ ಎಂದೆ, ಷರತ್ತು ಹೇಳಲು ಅವರನ್ನು ಒಳಗೆ ಕರೆದು ಕೂರಿಸಿದೆ.